ಮೇಡಂ ಕ್ಯೂರಿಯ ಬೆರಳುಗಳು

ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಾನು ಕೋಲಾರದ ಚಿನ್ನದ ಗಣಿ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಪ್ರತಿವರ್ಷವೂ ಹತ್ತನೆಯ ತರಗತಿಯ ಮಕ್ಕಳಿಗೆ ಮೇಡಂ ಕ್ಯೂರಿಯ ಕಥೆಯನ್ನು ಹೇಳುವುದು ನನ್ನ ವಾಡಿಕೆಯಾಗಿತ್ತು. ಗಣಿಯ ಮಕ್ಕಳಿಗೆ ಆ ಕಥೆ ಬಲು ಬೇಗ ಹಿಡಿಸುತ್ತಿತ್ತು. ರಾಶಿರಾಶಿಯಾದ ಅದುರನ್ನು ಕುಟ್ಟಿ, ತೊಳೆದು, ಕುದಿಸಿ, ಕಡೆಗೆ ಚಿಟಿಕೆಯಷ್ಟು ವಸ್ತುವನ್ನು ಕೈಗೆ ತಂದುಕೊಳ್ಳುವ ಕೆಲಸ ಎಂತಹುದೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಟನ್ನು ಕಲ್ಲಿಗೆ ಕೆಲವೇ ಗ್ರಾಂ ಬಂಗಾರ ದೊರೆಯುವ ಊರಿನಲ್ಲಿ ಹುಟ್ಟಿದವರು ಅವರು. ತರಗತಿಯ ಕಿಟಕಿಯಿಂದ ಹೊರಗೆ ನೋಡಿದರೆ ಬಂಗಾರವನ್ನು ಕಳೆದುಕೊಂಡ ಮಣ್ಣಿನ ಸೈನೈಡ್ ದಿಬ್ಬಗಳು ಬೆಳ್ಳಗೆ ಹಬ್ಬಿಕೊಂಡಿದ್ದುವು.

ಆದರೆ ಆ ಕಥೆಯ ಒಂದು ಭಾಗವನ್ನು ನಾನು ಎಂದೂ ಹೇಳಿದವನಲ್ಲ. ಬೇಕೆಂದು ಮುಚ್ಚಿಟ್ಟುದಲ್ಲ, ಅದು ಮುಖ್ಯವೆಂದು ನನಗೆ ತೋರಿರಲಿಲ್ಲ. ಅದು ಆಕೆಯ ಬೆರಳುಗಳ ಸಂಗತಿ. ಗಣಿಗಳು 2001ರಲ್ಲಿ ಮುಚ್ಚಿದುವು; ನಾನೂ ಕಾಲಕ್ರಮದಲ್ಲಿ ನಿವೃತ್ತನಾಗಿ ಬಂಗಾರಪೇಟೆಯಲ್ಲಿ ನೆಲಸಿದೆ. ಅಲ್ಲಿ ನನ್ನ ಮನೆಯಾಕೆಯ ಕಾಯಿಲೆ ಆ ಬಿಟ್ಟುಹೋದ ಭಾಗವನ್ನು ನನಗೆ ಓದಿಸಿತು. ಆ ಕಥೆಯನ್ನು ಮೊದಲಿನಿಂದ, ಈ ಸಲ ಪೂರ್ತಿಯಾಗಿ ಹೇಳಬೇಕೆಂದು ನನ್ನ ಆಸೆ.

ಮರಿಯಾ ಸ್ಕ್ಲೊಡೋವ್ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಐವರು ಮಕ್ಕಳಲ್ಲಿ ಕಡೆಯವಳು. ತಂದೆ ಭೌತವಿಜ್ಞಾನ ಮತ್ತು ಗಣಿತಗಳ ಉಪಾಧ್ಯಾಯ. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದವಳು. ಆ ದೇಶ ಆಗ ರಷ್ಯದ ಚಕ್ರವರ್ತಿಯ ಹಿಡಿತದಲ್ಲಿದ್ದಿತು. ಹಿರಿಯಕ್ಕ ಜ್ವರದಿಂದಲೂ, ತಾಯಿ 1878ರಲ್ಲಿ ಕ್ಷಯದಿಂದಲೂ ತೀರಿಕೊಂಡರು. ಬಡತನ, ಸಾವು, ಪರರಾಜ್ಯ, ಈ ಮೂರನ್ನೂ ಆಕೆ ಹನ್ನೊಂದು ತುಂಬುವುದರೊಳಗೆ ಕಂಡಿದ್ದಳು.

ವಾರ್ಸಾದ ವಿಶ್ವವಿದ್ಯಾನಿಲಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನಿಯಾಳಿಗೆ ವೈದ್ಯಳಾಗಬೇಕೆಂಬ ಹಂಬಲ, ತಂಗಿಗೆ ವಿಜ್ಞಾನದ ಹಂಬಲ, ಇಬ್ಬರಿಗೂ ಹಣವಿಲ್ಲ. ಅಕ್ಕತಂಗಿಯರು ಒಂದು ಒಪ್ಪಂದಕ್ಕೆ ಬಂದರು. ಮರಿಯಾ ಹಳ್ಳಿಯ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿ, ಪ್ಯಾರಿಸ್ಸಿನಲ್ಲಿ ಓದುವ ಅಕ್ಕನಿಗೆ ಹಣ ಕಳುಹಿಸುವುದು. ಅಕ್ಕ ಓದು ಮುಗಿಸಿದ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಆ ಮನೆಯ ಹಿರಿಯ ಮಗನಿಗೂ ಆಕೆಗೂ ಒಲವು ಬೆಳೆದು, ಪಾಠದವಳನ್ನು ಸೊಸೆಯಾಗಿ ಒಪ್ಪಿಕೊಳ್ಳಲು ಅವನ ತಂದೆತಾಯಿಗಳು ಸಮ್ಮತಿಸದೆ ಹೋದರು. ಆ ಅವಮಾನವನ್ನು ನುಂಗಿಕೊಂಡು ಆಕೆ ಅದೇ ಮನೆಯಲ್ಲಿ ಕೆಲಸವನ್ನು ಮುಂದುವರಿಸಿದಳು; ಅಕ್ಕನಿಗೆ ಹಣ ಹೋಗಬೇಕಾಗಿದ್ದಿತು.

1891ರಲ್ಲಿ, ಇಪ್ಪತ್ತನಾಲ್ಕರ ಅಂಚಿನಲ್ಲಿ, ಆಕೆ ಪ್ಯಾರಿಸ್ಸನ್ನು ಸೇರಿದಳು. ಸೊರ್ಬಾನಿನಲ್ಲಿ 1893ರಲ್ಲಿ ಭೌತವಿಜ್ಞಾನದ ಪರೀಕ್ಷೆಯಲ್ಲಿ ಮೊದಲನೆಯವಳಾಗಿಯೂ, ಮರುವರ್ಷ ಗಣಿತದಲ್ಲಿ ಎರಡನೆಯವಳಾಗಿಯೂ ತೇರ್ಗಡೆಯಾದಳು. 1895ರ ಜುಲೈ ತಿಂಗಳಿನಲ್ಲಿ ಪಿಯರ್ ಕ್ಯೂರಿಯನ್ನು ವರಿಸಿದಳು. ಪಿಯರ್ ಆ ವೇಳೆಗಾಗಲೇ ಹೆಸರಾಂತ ಭೌತವಿಜ್ಞಾನಿ. ಮಿತಭಾಷಿ, ಪದವಿ ಪ್ರಶಸ್ತಿಗಳಿಗೆ ವಿಮುಖ.

1896ರಲ್ಲಿ ಹೆನ್ರಿ ಬೆಕರೆಲ್ ಎಂಬಾತ ಯುರೇನಿಯಂ ಲವಣಗಳು ತಾವಾಗಿಯೇ ಕಿರಣಗಳನ್ನು ಸೂಸುತ್ತವೆಂದು ಕಂಡುಹಿಡಿದಿದ್ದನು. ಮೇಡಂ ಕ್ಯೂರಿ ಡಾಕ್ಟರೇಟ್ ಪದವಿಗಾಗಿ ಅದೇ ವಿಷಯವನ್ನು ಕೈಗೆತ್ತಿಕೊಂಡಳು. ಪಿಚ್‌ಬ್ಲೆಂಡ್ ಎಂಬ ಕಪ್ಪು ಅದುರು, ಅದರಲ್ಲಿರುವ ಯುರೇನಿಯಂ ಕೊಡಬಹುದಾದುದಕ್ಕಿಂತ ಹೆಚ್ಚು ಕಿರಣಗಳನ್ನು ಸೂಸುತ್ತಿದ್ದುದನ್ನು ಆಕೆ ಅಳೆದು ಕಂಡಳು. ಹಾಗಾದರೆ ಅದರಲ್ಲಿ ಇನ್ನಾವುದೋ ಅರಿಯದ ಧಾತು ಅಡಗಿರಬೇಕು. ಪಿಯರ್ ತನ್ನ ಸಂಶೋಧನೆಯನ್ನು ಬದಿಗಿಟ್ಟು ಹೆಂಡತಿಯ ಕೆಲಸಕ್ಕೆ ಸೇರಿಕೊಂಡನು. 1898ರ ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ, ಹೀಗೆ ಎರಡು ಧಾತುಗಳನ್ನು ದಂಪತಿಗಳು ಲೋಕಕ್ಕೆ ಸಾರಿದರು. ಮೊದಲನೆಯದಕ್ಕೆ ಆಕೆ ತನ್ನ ತಾಯ್ನಾಡಿನ ಹೆಸರನ್ನೇ ಇಟ್ಟಳು.

ಸಾರಿದುದನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸಿ ತೋರಿಸಬೇಕಾಗಿತ್ತು. ಬೊಹಿಮಿಯದ ಜೋಕಿಮ್‌ಸ್ಟಾಲ್ ಗಣಿಯಲ್ಲಿ ಯುರೇನಿಯಂ ತೆಗೆದ ಮೇಲೆ ಕಸವೆಂದು ಬಿಸುಟಿದ್ದ ಅದುರು ಮೂಟೆಮೂಟೆಯಾಗಿ ಪ್ಯಾರಿಸ್ಸಿಗೆ ಬಂದಿತು. ಅಂಗಳದ ಒಂದು ಹಳೆಯ ಕೊಟ್ಟಿಗೆಯೇ ಪ್ರಯೋಗಶಾಲೆ. ಮಳೆ ಬಂದರೆ ಸೋರುವ ಮಾಡು, ಹೊಗೆ ಹೋಗಲು ಚಿಮಣಿಯಿಲ್ಲ. ಒಮ್ಮೆಗೆ ಇಪ್ಪತ್ತು ಕಿಲೋಗ್ರಾಂ ಅದುರನ್ನು ಹಂಡೆಯಲ್ಲಿ ಕುದಿಸಿ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕಿಯಿಂದ ಕದಡುತ್ತ ಆಕೆ ನಾಲ್ಕು ವರ್ಷಗಳನ್ನು ಕಳೆದಳು. 1902ರಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡು ಕೈಗೆ ದೊರೆಯಿತು. ಅದೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಗಣಿಗೆ ಹರಿದುಬಂದಿತೆಂದು ಹೇಳಿ ಮಕ್ಕಳ ಕಣ್ಣು ಅರಳುವುದನ್ನು ನೋಡುವುದು ನನಗೊಂದು ಸಂತೋಷವಾಗಿತ್ತು. ರಾತ್ರಿ ಊಟವಾದ ಮೇಲೆ ದಂಪತಿಗಳು ಆ ಕೊಟ್ಟಿಗೆಗೆ ಹಿಂತಿರುಗಿ, ದೀಪ ಹಚ್ಚದೆ, ಕತ್ತಲೆಯಲ್ಲಿ ನೀಲಿಯಾಗಿ ಮಿನುಗುವ ಗಾಜಿನ ಕೊಳವೆಗಳನ್ನು ನೋಡುತ್ತ ಕುಳಿತಿರುತ್ತಿದ್ದರಂತೆ. ಅಲ್ಲಿಗೆ ನನ್ನ ಪಾಠದ ಗಂಟೆ ಮುಗಿಯುತ್ತಿತ್ತು.

ನಾನು ಬಿಟ್ಟ ಭಾಗ ಇಲ್ಲಿಂದ ಮುಂದಿನದು. 1900ರಲ್ಲಿ ಜರ್ಮನಿಯ ವಾಲ್ಕಾಫ್, ಗೀಸೆಲ್ ಎಂಬವರು ರೇಡಿಯಂ ಚರ್ಮವನ್ನು ಸುಡುತ್ತದೆಂದು ವರದಿ ಮಾಡಿದರು. ಪಿಯರ್ ಅದನ್ನು ಪರೀಕ್ಷಿಸಲು ತನ್ನ ತೋಳನ್ನೇ ಒಡ್ಡಿದನು. ಹತ್ತು ಗಂಟೆಗಳ ಕಾಲ ದುರ್ಬಲವಾದ ರೇಡಿಯಂ ಮಿಶ್ರಣವನ್ನು ತೋಳಿನ ಮೇಲೆ ಇಟ್ಟುಕೊಂಡನು. ಮೊದಲು ಚರ್ಮ ಕೆಂಪಾಯಿತು, ನೋವೇನೂ ಇಲ್ಲ. ಕೆಲವು ದಿನಗಳಲ್ಲಿ ಕೆಂಪು ಗಾಢವಾಯಿತು; ಇಪ್ಪತ್ತನೆಯ ದಿನ ಹಕ್ಕಳೆ ಕಟ್ಟಿತು; ಬಳಿಕ ಅದು ಹುಣ್ಣಾಯಿತು; ನಲವತ್ತೆರಡನೆಯ ದಿನ ಅಂಚಿನಿಂದ ಹೊಸ ಚರ್ಮ ಬೆಳೆಯತೊಡಗಿತು; ಐವತ್ತೆರಡನೆಯ ದಿನವೂ ಒಂದು ಚದರ ಸೆಂಟಿಮೀಟರಿನಷ್ಟು ಬೂದುಬಣ್ಣದ ಗಾಯ ಉಳಿದೇ ಇದ್ದಿತು. ಯಾವುದೋ ಕಲ್ಲಿನ ಹರಳನ್ನು ವರ್ಣಿಸುವಂತೆ ಆತ ತನ್ನ ತೋಳಿನ ಈ ದಿನಚರಿಯನ್ನು ಬರೆದಿಟ್ಟನು. ಬೆಕರೆಲ್ ಅಂಗಿಯ ಜೇಬಿನಲ್ಲಿ ರೇಡಿಯಂ ಕೊಳವೆಯನ್ನು ಇಟ್ಟುಕೊಂಡು ಓಡಾಡಿದುದರಿಂದ ಅವನ ಮೈಯೂ ಸುಟ್ಟಿತು. ಇಬ್ಬರೂ ಕೂಡಿ 1901ರ ಜೂನ್ ತಿಂಗಳಿನಲ್ಲಿ ಈ ವರದಿಯನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. ತೆಳುವಾದ ಲೋಹದ ಪೆಟ್ಟಿಗೆಯಲ್ಲಿ ಚಿಕ್ಕದೊಂದು ಕೊಳವೆಯನ್ನು ಒಯ್ದ ಮೇಡಂ ಕ್ಯೂರಿಗೂ ಅದೇ ಗತಿಯಾಯಿತು. ಆಕೆಯ ಬೆರಳ ತುದಿಗಳು ಬಿರುಸಾಗಿ, ಸುಲಿದು, ನೋಯುತ್ತಿದ್ದುವು; ಆ ನೋವು ತಿಂಗಳುಗಟ್ಟಲೆ ಉಳಿಯುತ್ತಿತ್ತು.

ಆ ಸುಟ್ಟ ಚರ್ಮದಿಂದಲೇ ಒಂದು ಆಲೋಚನೆ ಹೊಳೆಯಿತು. ಆರೋಗ್ಯದ ಚರ್ಮವನ್ನು ಕೆಡಿಸಬಲ್ಲ ವಸ್ತು ರೋಗದ ಬೆಳೆಯನ್ನೂ ಕೆಡಿಸಬಾರದೇಕೆ? ಪಿಯರ್ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಚರ್ಮವೈದ್ಯ ಡಾನ್ಲೋಸನಿಗೆ ರೇಡಿಯಮ್ಮನ್ನು ಎರವಲು ಕೊಟ್ಟನು. ಅಲ್ಲಿ ಚರ್ಮದ ಹುಣ್ಣುಗಳಿಗೂ, ಬಳಿಕ ಗಂತಿಗಳಿಗೂ ಚಿಕಿತ್ಸೆ ನಡೆಯಿತು. ಕಿರಣಚಿಕಿತ್ಸೆಯ ಬೇರುಗಳಲ್ಲಿ ಇದೊಂದು. ಇನ್ನೊಂದು 1895ರಲ್ಲಿ ರಂಟ್‌ಗೆನ್ ಕಂಡ ಎಕ್ಸ್ ಕಿರಣಗಳದು. ರೋಗಿಯ ಮೈಗೆ ವಿಕಿರಣದ ಕಣಗಳನ್ನು ಒತ್ತಿಟ್ಟು ಮಾಡುವ ಚಿಕಿತ್ಸೆಗೆ ಫ್ರೆಂಚರು ಇಂದಿಗೂ ಕ್ಯೂರಿಯ ಹೆಸರನ್ನೇ ಬಳಸುತ್ತಾರೆ. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ದಂಪತಿಗಳು ಕೋಟ್ಯಧೀಶರಾಗಬಹುದಿತ್ತು. ಅವರು ಅದನ್ನು ಎಲ್ಲರಿಗೂ ತೆರೆದಿಟ್ಟರು.

ಈ ಪುಟಗಳನ್ನು ನಾನು ಓದಿದುದು ರೈಲಿನಲ್ಲಿ. ನನ್ನ ಮನೆಯಾಕೆಗೆ ಕೆನ್ನೆಯ ಒಳಮೈಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಾಗಿ, ಅದರ ಮೇಲೆ ಆರು ವಾರಗಳಲ್ಲಿ 30 ಸಲ ಕಿರಣಚಿಕಿತ್ಸೆಯಾಗಬೇಕೆಂದು ನಿಶ್ಚಯವಾಯಿತು. ದಿನವೂ ಮುಂಜಾನೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಿದ್ದೆವು. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಕಾಣುವುದೇನೂ ಇಲ್ಲ, ನೋವೂ ಇಲ್ಲ. ಎರಡು ವಾರ ನೆಮ್ಮದಿಯಾಗಿ ಕಳೆದುವು. ಮೂರನೆಯ ವಾರ ಕತ್ತು ಕೆಂಪಾಯಿತು, ಮುಂದೆ ಕಪ್ಪಿಟ್ಟಿತು, ಸಿಪ್ಪೆ ಏಳತೊಡಗಿತು. ಐದನೆಯ ವಾರ ಕತ್ತಿನ ಮಡಿಕೆಯಲ್ಲಿ ಚರ್ಮ ಸುಲಿದು ನೀರು ಒಸರಿತು. ಪಿಯರನ ತೋಳಿನ ದಿನಚರಿ ನನ್ನ ಕಣ್ಣಮುಂದೆ ಮತ್ತೆ ನಡೆಯುತ್ತಿರುವಂತೆ ನನಗೆ ತೋರಿತು.

ಗಾಯ ತಡವಾಗಿ ಕಾಣುವುದಕ್ಕೆ ಕಾರಣವಿದೆ. ಚರ್ಮದ ತಳದ ಪದರದಲ್ಲಿರುವ ಕೋಶಗಳು ಸದಾ ಒಡೆದು ಇಮ್ಮಡಿಸುತ್ತ, ಸುಮಾರು ನಾಲ್ಕು ವಾರಗಳಲ್ಲಿ ಮೇಲಕ್ಕೆ ಬಂದು ಉದುರಿಹೋಗುತ್ತವೆ. ಕಿರಣಗಳು ಹೆಚ್ಚಾಗಿ ಹೊಡೆಯುವುದು ಒಡೆಯುತ್ತಿರುವ ಕೋಶಗಳನ್ನು. ಕ್ಯಾನ್ಸರಿನ ಮೇಲೆ ಅವುಗಳಿಗಿರುವ ಬಲವೂ ಅದೇ. ಮೇಲಿನ ಹಳೆಯ ಚರ್ಮ ಸವೆದುಹೋಗುವ ಹೊತ್ತಿಗೆ ಕೆಳಗಿನಿಂದ ಹೊಸದು ಬಾರದೆ ಹೋದರೆ ಮೈ ಬೆತ್ತಲೆಯಾಗುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಅದು ಉಲ್ಬಣಿಸಿ, ಅನಂತರ ಮಾಯತೊಡಗುತ್ತದೆ.

ಎದುರು ಮನೆಯಲ್ಲಿ ಗಣಿಯ ಕೆಲಸಗಾರನೊಬ್ಬನ ವಿಧವೆ, ಒಬ್ಬ ತಮಿಳು ಅಜ್ಜಿ ಇದ್ದರು. ನಾವೆಲ್ಲರೂ ಅವರನ್ನು ಪಾಟಿಯೆಂದೇ ಕರೆಯುತ್ತಿದ್ದೆವು. ತಮ್ಮ ಕಾಲದಲ್ಲಿ ಎಂತಹ ಸುಟ್ಟ ಗಾಯಕ್ಕೂ ಲೋಳೆಸರವನ್ನೇ ಹಾಕುತ್ತಿದ್ದರೆಂದು ಅವರು ಹೇಳಿದರು. ಅವರಿಗದು ಕತ್ತಾಳೈ, ಪಕ್ಕದ ತೆಲುಗರಿಗೆ ಕಲಬಂದ. ಕೋಲಾರದ ಒಣನೆಲದಲ್ಲಿ ಬೇಲಿಯ ಬುಡದಲ್ಲೆಲ್ಲ ಬೆಳೆಯುವ ಗಿಡ. ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದೆಂದು ಆಸ್ಪತ್ರೆಯಲ್ಲಿ ನಮಗೆ ತಿಳಿಸಿದ್ದರು. ಆದರೂ ಹೆಂಡತಿಯ ನರಳುವಿಕೆಯನ್ನು ಕೇಳಲಾರದೆ, ವಿಜ್ಞಾನ ಹೇಳಿಕೊಟ್ಟ ನಾನೇ ಒಂದು ರಾತ್ರಿ ಎಲೆಯನ್ನು ಸೀಳಿ, ತಿರುಳಿಗೆ ಅರಿಶಿನ ಕಲಸಿ, ಸುಲಿದ ಕತ್ತಿಗೆ ಬಳಿದೆನು. ಬೆಳಗಾಗುವುದರೊಳಗೆ ಗಾಯ ಬಾತು ಕೀವು ಕಟ್ಟಿತ್ತು. ನಾಲ್ಕು ದಿನ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ನಡುವೆ ನಿಲ್ಲಿಸಿದರೆ ರೋಗಕ್ಕೆ ಅನುಕೂಲವೆಂಬುದು ನನಗೆ ಆಮೇಲೆ ತಿಳಿಯಿತು. ತಪ್ಪು ಪಾಟಿಯದಲ್ಲ, ಗಿಡದ್ದೂ ಅಲ್ಲ. ತೊಳೆಯದ ಎಲೆಯನ್ನು, ಅದರ ಸಿಪ್ಪೆಯ ಕೆಳಗಿನ ಹಳದಿ ಕಹಿರಸದೊಡನೆ, ಬಾಯ್ತೆರೆದ ಗಾಯಕ್ಕೆ ಹಾಕಿದವನು ನಾನು.

ಆ ನಾಲ್ಕು ದಿನಗಳಲ್ಲಿ, ಪ್ರಾಯಶ್ಚಿತ್ತವೆಂಬಂತೆ, ಈ ಗಿಡಮೂಲಿಕೆಗಳ ಬಗೆಗೆ ಸಿಕ್ಕಿದುದನ್ನೆಲ್ಲ ಓದಿದೆ. ಮೇಡಂ ಕ್ಯೂರಿ ತೀರಿಕೊಂಡ ಮರುವರ್ಷವೇ, 1935ರಲ್ಲಿ, ಅಮೆರಿಕದ ಕಾಲಿನ್ಸ್ ಎಂಬ ಹೆಸರಿನ ಇಬ್ಬರು ವೈದ್ಯರು ಎಕ್ಸ್ ಕಿರಣದಿಂದಾದ ಗಾಯ ಲೋಳೆಸರದ ಎಲೆಯಿಂದ ಗುಣವಾಯಿತೆಂದು ಪ್ರಕಟಿಸಿದ್ದರು. ಅಲ್ಲಿಂದ ಅದರ ಕೀರ್ತಿ ಹಬ್ಬಿತು. ಆದರೆ 1996ರಲ್ಲಿ ಅಲ್ಲಿಯೇ 194 ಮಂದಿ ಹೆಂಗಸರಲ್ಲಿ, ಕೊಟ್ಟವರಿಗೂ ಕೊಂಡವರಿಗೂ ತಿಳಿಯದಂತೆ ಲೋಳೆಸರದ ಲೇಪವನ್ನೂ ಬರಿಯ ಲೇಪವನ್ನೂ ಹಂಚಿ ನೋಡಿದಾಗ, ಎರಡು ಗುಂಪಿನಲ್ಲಿಯೂ ಚರ್ಮ ಒಂದೇ ಬಗೆಯಾಗಿ ಕೆಟ್ಟಿತ್ತು. ಕ್ಯಾಲೆಂಡುಲಾ ಎಂಬ, ನೋಡಲು ನಮ್ಮ ಚೆಂಡುಹೂವಿನ ನೆಂಟನಂತಿರುವ ಹೂವಿನ ಮುಲಾಮಿಗೆ ಫ್ರಾನ್ಸಿನಲ್ಲಿ ಹೆಚ್ಚಿನ ಯಶಸ್ಸು ದೊರೆಯಿತು. 2004ರಲ್ಲಿ ಪ್ರಕಟವಾದ ಅಲ್ಲಿನ ಪರೀಕ್ಷೆಯಲ್ಲಿ 254 ಮಂದಿ ರೋಗಿಗಳಿದ್ದರು. ಇನ್ನೊಂದು ಮುಲಾಮು ಹಚ್ಚಿದವರಲ್ಲಿ ನೂರಕ್ಕೆ 63 ಮಂದಿಗೆ ತೀವ್ರತರವಾದ ಚರ್ಮದ ಉರಿಯೂತವಾದರೆ, ಈ ಹೂವಿನ ಮುಲಾಮು ಹಚ್ಚಿದವರಲ್ಲಿ 41 ಮಂದಿಗೆ ಮಾತ್ರ ಆಯಿತು.

ನಮ್ಮ ನಾಡಿನಲ್ಲಿಯೂ ಪರೀಕ್ಷೆ ನಡೆದಿದೆ. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನವರು ತಲೆ ಮತ್ತು ಕತ್ತಿನ ಕ್ಯಾನ್ಸರಿನ 50 ಮಂದಿ ರೋಗಿಗಳಲ್ಲಿ ಅರಿಶಿನ ಮತ್ತು ಗಂಧದೆಣ್ಣೆ ಕೂಡಿದ ಲೇಪವನ್ನು ಪರೀಕ್ಷಿಸಿ, ಬರಿಯ ಎಣ್ಣೆ ಹಚ್ಚಿದವರಿಗಿಂತ ಲೇಪ ಹಚ್ಚಿದವರಲ್ಲಿ ಚರ್ಮ ಕಡಮೆ ಕೆಟ್ಟುದನ್ನು 2014ರಲ್ಲಿ ಪ್ರಕಟಿಸಿದರು. ಅದು ಚಿಕ್ಕ ಪರೀಕ್ಷೆ. ದೊಡ್ಡದಕ್ಕೆ ದಾರಿ ತೋರುವಂತಹುದು. ಅರಿಶಿನದ ಸಾರವನ್ನು ಮಾತ್ರೆಯಾಗಿ ನುಂಗಿಸಿದ ಅಮೆರಿಕದ ಚಿಕ್ಕ ಪರೀಕ್ಷೆಯೊಂದು 2013ರಲ್ಲಿ ಗೆದ್ದು, ಆರುನೂರಕ್ಕೂ ಹೆಚ್ಚು ಮಂದಿಯ ದೊಡ್ಡ ಪರೀಕ್ಷೆ 2018ರಲ್ಲಿ ಅದೇ ಫಲವನ್ನು ಕಾಣಲಿಲ್ಲ. ಇವೆಲ್ಲವೂ ಶುದ್ಧಿಮಾಡಿ, ಅಳತೆಯಿಟ್ಟು, ಗಾಯ ಬಾಯ್ತೆರೆಯುವ ಮೊದಲೇ ಹಚ್ಚತೊಡಗಿದ, ವೈದ್ಯರ ಕಣ್ಣೆದುರಿನ ಪ್ರಯೋಗಗಳು. ಬೇಲಿಯಿಂದ ಕಿತ್ತು ತಂದು ರಾತ್ರಿಯಲ್ಲಿ ಬಳಿದುದಕ್ಕೂ ಇವಕ್ಕೂ ಇರುವ ಅಂತರವನ್ನು ನಾನು ಯಾರಿಗೂ ಹೇಳಿಕೊಡದೆ ಮೂವತ್ತು ವರ್ಷ ಪಾಠ ಮಾಡಿದ್ದೆ. ಕೊನೆಗೆ ನನ್ನಾಕೆಯ ಕತ್ತನ್ನು ಉಳಿಸಿದುದು ಬೆಚ್ಚನೆಯ ನೀರು, ಸೌಮ್ಯವಾದ ಸಾಬೂನು, ಸಡಿಲವಾದ ಹತ್ತಿಯ ಬಟ್ಟೆ, ವೈದ್ಯರು ಕೊಟ್ಟ ಪಟ್ಟಿ ಮತ್ತು ತಾಳ್ಮೆ.

ಮೇಡಂ ಕ್ಯೂರಿಯ ಕಥೆ ಇನ್ನೂ ಉಳಿದಿದೆ. 1903ರಲ್ಲಿ ದಂಪತಿಗಳಿಗೂ ಬೆಕರೆಲನಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಆಯಾಸದಿಂದಲೂ ಅನಾರೋಗ್ಯದಿಂದಲೂ ಅವರು ಸ್ಟಾಕ್‌ಹೋಮಿಗೆ ಹೋಗಲು 1905ರವರೆಗೆ ಆಗಲಿಲ್ಲ. 1906ರ ಏಪ್ರಿಲ್ 19ರಂದು, ಮಳೆಯಲ್ಲಿ ರಸ್ತೆ ದಾಟುತ್ತಿದ್ದ ಪಿಯರ್ ಕುದುರೆಯ ಗಾಡಿಗೆ ಸಿಕ್ಕಿ ಸತ್ತನು. ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ ಮೂವತ್ತೆಂಟರಲ್ಲಿ ವಿಧವೆಯಾದಳು. ಪತಿಯ ಪೀಠ ಆಕೆಗೆ ಬಂದಿತು. ಸೊರ್ಬಾನಿನಲ್ಲಿ ಪಾಠ ಹೇಳಿದ ಮೊದಲ ಹೆಂಗಸು ಆಕೆ. ಆ ನವೆಂಬರಿನಲ್ಲಿ ತರಗತಿಗೆ ಬಂದು, ಶೋಕದ ಮಾತೊಂದನ್ನೂ ಆಡದೆ, ಪತಿ ಪಾಠ ನಿಲ್ಲಿಸಿದ್ದ ಸ್ಥಳದಿಂದಲೇ ಆಕೆ ಮುಂದಕ್ಕೆ ತೊಡಗಿದಳು. 1911ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಆಕೆಗೆ ಬಾಗಿಲು ಮುಚ್ಚಿತು. ಪತ್ರಿಕೆಗಳು ಆಕೆಯ ಖಾಸಗಿ ಬದುಕನ್ನು ಬೀದಿಗೆಳೆದುವು. ಅದೇ ವರ್ಷ ಎರಡನೆಯ ನೊಬೆಲ್ ಪಾರಿತೋಷಕ, ಈ ಸಲ ರಸಾಯನಶಾಸ್ತ್ರಕ್ಕೆ, ಆಕೆಯನ್ನು ಹುಡುಕಿಕೊಂಡು ಬಂದಿತು.

1914ರ ಯುದ್ಧದಲ್ಲಿ ಆಕೆ ಮೋಟಾರು ಗಾಡಿಗಳಿಗೆ ಎಕ್ಸ್ ಕಿರಣ ಯಂತ್ರಗಳನ್ನು ಹೊಂದಿಸಿ, ಮಗಳು ಐರೀನಳನ್ನೂ ಕರೆದುಕೊಂಡು ರಣರಂಗದ ಆಸ್ಪತ್ರೆಗಳಿಗೆ ಹೋದಳು. ಇಪ್ಪತ್ತು ಗಾಡಿಗಳೂ, ಇನ್ನೂರು ಎಕ್ಸ್ ಕಿರಣ ಕೊಠಡಿಗಳೂ ಆಕೆಯ ಶ್ರಮದಿಂದ ಸಿದ್ಧವಾದುವು. 1921ರಲ್ಲಿ ಅಮೆರಿಕದ ಹೆಂಗಸರು ಲಕ್ಷ ಡಾಲರು ಕೂಡಿಸಿ ಕೊಂಡ ಒಂದು ಗ್ರಾಂ ರೇಡಿಯಮ್ಮನ್ನು ಅಧ್ಯಕ್ಷ ಹಾರ್ಡಿಂಗ್ ಆಕೆಗೆ ಒಪ್ಪಿಸಿದನು. ರೇಡಿಯಮ್ಮನ್ನು ಕಂಡುಹಿಡಿದವಳ ಪ್ರಯೋಗಶಾಲೆಗೆ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ವಾರ್ಸಾದಲ್ಲಿ 1932ರಲ್ಲಿ ತೆರೆದ ರೇಡಿಯಂ ಆಸ್ಪತ್ರೆಯನ್ನು ನಡೆಸಿದವಳು, ಆಕೆ ಹಣ ಕಳುಹಿಸಿ ಓದಿಸಿದ್ದ ಅಕ್ಕ ಬ್ರೋನಿಯಾಳೇ.

ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಗಳಾಗಿದ್ದುವು. ಬೆರಳುಗಳ ಗಾಯಗಳು ಮಾಯ್ದು ಮರುಕಳಿಸುತ್ತಿದ್ದುವು. ರೇಡಿಯಮ್ಮಿನಿಂದಲೇ ತನಗೆ ಕೇಡಾಯಿತೆಂದು ಒಪ್ಪಿಕೊಳ್ಳಲು ಆಕೆ ಬಹುಕಾಲ ಮನಸ್ಸು ಮಾಡಲಿಲ್ಲ. ತನ್ನ ಶಿಷ್ಯರಿಗೆ ಇಕ್ಕುಳ, ಸೀಸದ ತಡಿಕೆಗಳನ್ನು ಕಡ್ಡಾಯಮಾಡಿದವಳು ತನ್ನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. 1934ರ ಜುಲೈ 4ರಂದು, ಫ್ರಾನ್ಸಿನ ಆಲ್ಪ್ಸ್ ಪರ್ವತದ ಆರೋಗ್ಯಧಾಮವೊಂದರಲ್ಲಿ, ರಕ್ತ ಹುಟ್ಟದ ಪಾಂಡುರೋಗದಿಂದ ಆಕೆ ತೀರಿಕೊಂಡಳು. ಮಗಳು ಐರೀನಳೂ 1956ರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾದಳು. ಆಕೆಯ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣ ಸೂಸುತ್ತವೆ. ಅವನ್ನು ಸೀಸದ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. 1995ರಲ್ಲಿ ದಂಪತಿಗಳ ಅವಶೇಷಗಳನ್ನು ಪ್ಯಾರಿಸ್ಸಿನ ಪಾಂಥಿಯಾನಿಗೆ ಗೌರವದಿಂದ ಸಾಗಿಸಿದರು.

ಹೋದ ವರ್ಷ ಗಣಿಯ ಆ ಹಳೆಯ ಶಾಲೆಯವರು ಒಂದು ಮಾತು ಹೇಳಲು ನನ್ನನ್ನು ಕರೆದರು. ಮನೆಯಾಕೆಯೂ ಜೊತೆಗೆ ಬಂದಿದ್ದಳು. ಈ ಕಥೆಯನ್ನು ಬೆರಳುಗಳ ಸಮೇತ, ನನ್ನ ಆ ಒಂದು ರಾತ್ರಿಯ ಸಮೇತ, ಹೇಳಿದೆ. ಸುಡುತ್ತದೆಂದು ತಿಳಿದಿದ್ದೂ ಆಕೆ ಏಕೆ ಬಿಡಲಿಲ್ಲವೆಂದು ಒಬ್ಬ ಹುಡುಗಿ ಕೇಳಿದಳು. ಚರ್ಮ ಸುಡುವುದು ಆಕೆಗೆ ಗೊತ್ತಿತ್ತು, ರಕ್ತವನ್ನು ಹಾಳುಮಾಡುವುದು ಆಗ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುತ್ತ ಬಂದಾಗ ಆಕೆ ಅದನ್ನು ಪೂರ್ತಿಯಾಗಿ ನೋಡಲಿಚ್ಛಿಸಲಿಲ್ಲವೆಂದು ಹೇಳಿದೆ. ಉತ್ತರ ಹುಡುಗಿಗೆ ಸಾಲದೆಂದು ಕಂಡಿತು, ನನಗೂ ಸಾಲದು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನಾಕೆ ಸೆರಗನ್ನು ಸ್ವಲ್ಪ ಸರಿಸಿ, ಕತ್ತಿನ ಮೇಲೆ ಉಳಿದಿರುವ ಕಪ್ಪು ಕಲೆಯನ್ನು ಆ ಹುಡುಗಿಗೆ ತೋರಿಸಿದಳು. ಹುಡುಗಿ ಹತ್ತಿರ ಬಂದು ನೋಡಿ, ನೋಯುತ್ತದೆಯೇ ಎಂದು ಕೇಳಿದಳು. ಈಗ ಇಲ್ಲವೆಂದಳು ನನ್ನಾಕೆ.